ಆನಿ ಮಳಿ

ಇನ್ನೂ ಬಾರದ ಒಂದು ಕಾಲ. ಆ ಕಾಲದಲ್ಲಿ, ಬೀದರ ಸೀಮೆಯ ಕೆಂಪು ದಿನ್ನೆಯ ಅಂಚಿಗೆ ಆತುಕೊಂಡು ಝರಿಯಾಳ ಎಂಬುದೊಂದು ಊರಿತ್ತು. ಆ ಊರಿನ ಹೆಂಗಸರು ನೀರಿಗೆ ಹೋದಾಗ ಕೊಡ ಕೆಳಗಿಡುವ ಮೊದಲು ತಲೆಯೆತ್ತಿ ಒಂದು ಮಾತು ಕೇಳುತ್ತಿದ್ದರು: "ಇವತ್ತ ಯಾವ ಮಳಿ ಬಂದದ?"

ಮೋಡದ ತುಣುಕೂ ಇಲ್ಲದ ಚೈತ್ರದಲ್ಲೂ ಹಾಗೆಯೇ ಕೇಳುತ್ತಿದ್ದರು. ಹೊಸಬರಿಗೆ ನಗು ಬರುತ್ತಿತ್ತು. ಆದರೆ ಅವರು ಕೇಳುತ್ತಿದ್ದದ್ದು ಮೇಲಿಂದ ಬೀಳುವ ಮಳೆಯನ್ನಲ್ಲ, ಸುರಂಗದ ಬಾಯಿಂದ ಹೊರಗೆ ಬರುವ ಮಳೆಯನ್ನು.

ದಿನ್ನೆಯ ಮೇಲಿನ ಕೆಂಪು ಕಲ್ಲು ಜೇನುಹುಟ್ಟಿನ ಹಾಗೆ ತೂತು ತೂತು. ಬಿದ್ದ ಮಳೆಯನ್ನೆಲ್ಲ ಸದ್ದಿಲ್ಲದೆ ಕುಡಿದುಬಿಡುತ್ತದೆ. ಅದರ ಕೆಳಗೆ ಹನಿಯನ್ನೂ ಒಳಗೆ ಬಿಡದ ಕರಿಕಲ್ಲು. ಎರಡರ ನಡುವೆ, ಬೆಳಕು ಕಾಣದ ದಾರಿಯಲ್ಲಿ, ನೀರು ಇರುವೆಗಿಂತಲೂ ನಿಧಾನವಾಗಿ ನಡೆಯುತ್ತದೆ. ಸುಲ್ತಾನರ ಕಾಲಕ್ಕೋ ಅದಕ್ಕೂ ಹಿಂದೆಯೋ ಯಾರೋ ಪುಣ್ಯಾತ್ಮರು ಆ ದಾರಿಗೆ ಸುರಂಗ ತೋಡಿ, ನೀರನ್ನು ಕೈಹಿಡಿದು ಊರ ಮೆಟ್ಟಿಲ ತನಕ ಕರೆತಂದಿದ್ದರು. ದಿನ್ನೆಯ ಮೇಲೆ ಬಿದ್ದ ಹನಿ ಆ ಮೆಟ್ಟಿಲಿಗೆ ಬರಲು ಮೂವತ್ತು ವರ್ಷ ಹಿಡಿಯುತ್ತದೆ ಎಂಬುದು ಮಾತ್ರ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಡಬ್ಬಿ ಬಂದ ಮೇಲೆ.

ಡಬ್ಬಿ ಎಂದರೆ ಮಳೆಗುರುತಿನ ಯಂತ್ರ. ಎಲ್ಲ ನೀರೂ ಒಂದೇ ತೂಕದ್ದಲ್ಲ. ನೀರಿನೊಳಗಿನ ಜಲಜನಕ, ಆಮ್ಲಜನಕಗಳಲ್ಲೇ ಭಾರದವು, ಹಗುರದವು ಎಂದು ಬಗೆಗಳಿವೆ. ಕಡಲಿಂದ ಹೊರಟ ಮೋಡ ದಾರಿಯಲ್ಲಿ ಭಾರದ ನೀರನ್ನು ಮೊದಲು ಇಳಿಸಿ, ಹಗುರದ್ದನ್ನು ಹೊತ್ತು ಮುಂದೆ ಸಾಗುತ್ತದೆ. ಹಾಗಾಗಿ ಪಡುವಣ ಗಾಳಿ ತಂದ ಮಿರಗಾ, ಎಂದರೆ ಮೃಗಶಿರಾ, ಮಳೆಯ ನೀರಿಗೆ ಒಂದು ತೂಕ, ಮೂಡಣ ಗಾಳಿ ತಂದ ಸ್ವಾತಿ ಮಳೆಯ ನೀರಿಗೆ ಇನ್ನೊಂದು ತೂಕ. ವಯಸ್ಸು ತಿಳಿಯುವುದಕ್ಕೂ ಉಪಾಯವಿತ್ತು. ಮಳೆಯ ಜೊತೆ ಇಳಿಯುವ ಒಂದು ಅಪರೂಪದ ಜಲಜನಕ ನೆಲದೊಳಗೆ ಮೆಲ್ಲಮೆಲ್ಲಗೆ ಸವೆದು ಹೀಲಿಯಂ ಆಗುತ್ತದೆ. ಎಷ್ಟು ಉಳಿದಿದೆ, ಎಷ್ಟು ಸವೆದಿದೆ ಎಂದು ತೂಗಿದರೆ ಆ ಹನಿ ಯಾವ ವರ್ಷ ನೆಲಕ್ಕಿಳಿಯಿತೆಂದು ಹೇಳಬಹುದು. ಇಷ್ಟೆಲ್ಲ ವಿಜ್ಞಾನಿಗಳಿಗೆ ಮೊದಲಿನಿಂದಲೂ ತಿಳಿದದ್ದೇ. ಹೊಸದೆಂದರೆ, ಒಂದು ಹನಿಯನ್ನು ನಾಲಿಗೆಯ ಮೇಲಿಟ್ಟುಕೊಂಡ ಹಾಗೆ ಇಟ್ಟುಕೊಂಡು ಕ್ಷಣದಲ್ಲಿ ಇದನ್ನೆಲ್ಲ ಓದಿಬಿಡುವ ಡಬ್ಬಿ. ಇನ್ನೊಂದು, ಝರಿಯಾಳದ ದಿನ್ನೆಯ ಗುಣ. ಬೇರೆ ಕಡೆ ನೆಲದೊಳಗಿನ ನೀರು ಒಂದರೊಳಗೊಂದು ಕಲಸಿಹೋಗುತ್ತದೆ. ಇಲ್ಲಿ ಮಾತ್ರ ಅದು ಪಂಢರಪುರಕ್ಕೆ ಹೊರಟ ದಿಂಡಿಯ ಹಾಗೆ, ಹಿಂದಿನವರು ಹಿಂದೆ, ಮುಂದಿನವರು ಮುಂದೆ, ಸಾಲು ಬಿಡದೆ ನಡೆಯುತ್ತಿತ್ತು.

ಸುರಂಗದ ಬಾಯಿಯ ಮೇಲೊಂದು ಬೋರ್ಡು ಹಾಕಿದರು. ಹರಿದು ಬರುತ್ತಿರುವ ನೀರಿನ ಸಂವತ್ಸರ, ನಕ್ಷತ್ರ ಎರಡೂ ಅದರ ಮೇಲೆ ಹೊಳೆಯುತ್ತಿದ್ದವು. ಪಕ್ಕದಲ್ಲೇ ಕೆಂಪು ಕಲ್ಲಿನ ಒಂದು ಸಣ್ಣ ಕಟ್ಟಡ. ಡಬ್ಬಿ ಇದ್ದದ್ದು ಅಲ್ಲಿ. ಊರವರು ಅದನ್ನು ಗುರುತಿನ ಮನೆ ಎನ್ನುತ್ತಿದ್ದರು.

ಮೊದಮೊದಲು ಜನ ಮೂಗು ಮುರಿದರು. ಮೂವತ್ತು ವರ್ಷದ ನೀರು ಹಳಸಿರುವುದಿಲ್ಲವೇ ಎಂದು ಮೂಸಿ ನೋಡಿದರು. ಆಮೇಲೆ ತಮ್ಮ ತಮ್ಮ ವರ್ಷ ಹುಡುಕತೊಡಗಿದರು. ಲಗ್ನದ ವರ್ಷದ ಮಳೆ ಬಂದಾಗ ಗಂಡ ಹೆಂಡತಿ ಒಂದೇ ತಂಬಿಗೆಯಲ್ಲಿ ಕುಡಿದರು. ಸಿದ್ರಾಮ ಕಾಕಾ ತನ್ನ ಲಗ್ನದ ಮಳೆಯನ್ನು ಒಂದು ಗುಟುಕು ಕುಡಿದು ಮೋರೆ ಕಿವುಚಿ, "ಅವಾಗೂ ಹಿಂಗೇ ಒಗರಿತ್ತು ನೋಡ್ರಿ" ಎಂದದ್ದು, ಅವನ ಹೆಂಡತಿ ಉಳಿದ ನೀರನ್ನು ಅವನ ತಲೆಯ ಮೇಲೆಯೇ ಸುರಿದದ್ದು ಇಡೀ ಊರಿಗೆ ಗೊತ್ತು. ಹಾಗೆ ಹಾಗೆ ಅದೊಂದು ಪದ್ಧತಿಯಾಯಿತು. ತಮ್ಮ ಮಳೆ ಬಂದ ಮನೆಯವರು ಹೊಸ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಂಗವ್ವನನ್ನು ತುಂಬಿಕೊಂಡು ಹೋಗಿ, ಓಣಿಯವರಿಗೆಲ್ಲ ಊಟ ಹಾಕುವುದು. ಮಳಿ ಊಟ ಎಂದು ಅದರ ಹೆಸರು.

ಕಸ್ತೂರಬಾಯಿ ಮಾತ್ರ ಎಲ್ಲರ ಮಳಿ ಊಟ ಉಂಡು ಬಂದಿದ್ದಳೇ ಹೊರತು ತಾನು ಒಂದನ್ನೂ ಮಾಡಿರಲಿಲ್ಲ. ಅವಳು ಕಾಯುತ್ತಿದ್ದದ್ದು ನಂದನ ಸಂವತ್ಸರದ ಒಂದೇ ಒಂದು ಮಳೆಗೆ. ಆನಿ ಮಳಿ ಎನ್ನುತ್ತಿದ್ದಳು ಅದನ್ನು.

ಗುರುತಿನ ಮನೆಯಲ್ಲಿ ನೀರನ್ನು ಓದಿ ಹೆಸರು ಹೇಳುವ ಕೆಲಸ ಅವಳ ಮಗಳು ಮಹಾನಂದಾಳದು. ಅಪ್ಪನ ಮುಖವನ್ನು ಮಹಾನಂದಾ ಕಂಡವಳಲ್ಲ. ಅವ್ವ ಹೇಳುತ್ತಿದ್ದ ಒಂದು ಸಂಗತಿಯೊಳಗೆ ಮಾತ್ರ ಅವಳು ಅವನನ್ನು ನೋಡಿದ್ದಳು.

"ಅವತ್ತ ಪಡಸಾಲಿ ಸಾರಿಸಿದ್ದೆವ್ವ," ಎಂದು ಶುರು ಮಾಡುತ್ತಿದ್ದಳು ಕಸ್ತೂರಬಾಯಿ. "ಹೊರಗ ಧೋ ಅಂತ ಮಳಿ. ದಿನ್ನಿ ಮ್ಯಾಲ ಕಲ್ಲು ಕಡೀಲಿಕ್ಕ ಹೋದಾವ ಇನ್ನಾ ಬಂದಿಲ್ಲ, ಇನ್ನಾ ಬಂದಿಲ್ಲ ಅಂತ ನಾ ಒಳಗ ಒದ್ದಾಡ್ಲತ್ತೀನಿ. ಕಡೀಕ ಬಾಗಲಾ ತಗದು ನೋಡ್ತೀನಿ, ಆ ಮನಿಶ್ಯಾ ಅಲ್ಲೇ ನಿಂತಾನ! ಹಸೀ ನೆಲ ತುಳದ್ರ ಕೆಡ್ತದಂತ, ಕರ್ದಿಲ್ಲ, ಕೆಮ್ಮಿಲ್ಲ. ಮೈತುಂಬ ನೀರು ಇಳೀಲತ್ತದ. 'ಎಷ್ಟೊತ್ತಾತು ನಿಂತು?' ಅಂದ್ರ 'ಈಗ ಬಂದೆ' ಅಂದ. ಕಾಲ ಕೆಳಗ ನೋಡಿದ್ರ ಹಳ್ಳ ಹರದದ."

ಆಗ ಮಹಾನಂದಾ ಹೊಟ್ಟೆಯಲ್ಲಿದ್ದಳು. ಅವಳಪ್ಪ ಝರೆಪ್ಪ ಮತ್ತೊಂದು ಮಳೆಗಾಲ ಕಾಣಲಿಲ್ಲ. ಬೇಸಿಗೆಯ ಜ್ವರವೊಂದು ಅವನನ್ನು ಅವನ ಹಾಗೆಯೇ ಸದ್ದಿಲ್ಲದೆ ಕರೆದುಕೊಂಡು ಹೋಯಿತು.

"ದಿನ್ನಿ ಮ್ಯಾಲ ಅವರ ಮೈಯಿಂದ ಹರದ ನೀರು ಅಲ್ಲೇ ಇಳದದಲ್ಲ," ಎನ್ನುತ್ತಿದ್ದಳು ಕಸ್ತೂರಬಾಯಿ. "ಅದು ಬಂದ ದಿನ ಒಂದು ಗುಟುಕು ಕುಡೀತೀನಿ. ಅಷ್ಟು ಸಾಕು ನನಗ."

ಗುರುತಿನ ಮನೆಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಮಹಾನಂದಾ ಯಂತ್ರಕ್ಕೆ ಹೇಳಿಟ್ಟಿದ್ದಳು: ನಂದನ ಸಂವತ್ಸರದ ಹಸ್ತ ಮಳೆ ಹತ್ತಿರ ಬಂದಾಗ ನನಗೆ ತಿಳಿಸು. ಆನಿ ಮಳಿ ಎಂದರೆ ಹಸ್ತ ಮಳೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಊರವರ ಬಾಯಲ್ಲಿ ಅದು ಹಸ್ತಿ. ಹಸ್ತಿ ಎಂದರೆ ಆನೆ. ಆ ಮಳೆ ಶುರುವಾದ ದಿನ ಶಾಲೆಯಲ್ಲಿ ಪಾಟಿಯ ಮೇಲೆ ಆನೆ ಬರೆದವಳಲ್ಲವೇ ಅವಳೂ.

ಈ ವರ್ಷ ಜ್ಯೇಷ್ಠದ ಮೊದಲಲ್ಲಿ ಯಂತ್ರ ದಿನ ಲೆಕ್ಕಹಾಕಿ ತಿಳಿಸಿತು. ಇನ್ನೊಂದು ವಾರದೊಳಗೆ.

*

"ನಿನ್ನ ಮಳಿ ಈ ವಾರ ಬರ್ತದಂತ ಹೇಳ್ಯಾಳ ನಿನ್ನ ಮಗಳು, ಖರೇ ಏನು?" ಎಂದು ಕೇಳುತ್ತ ಪಕ್ಕದ ಮನೆಯ ಪದ್ಮಿನಬಾಯಿ ಒಳಗೆ ಬಂದಳು. ಕಸ್ತೂರಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಕಡಲೆಬೇಳೆ ಆರಿಸುತ್ತಿದ್ದಳು.

"ಖರೇ ಅದ. ಹೋಳಿಗಿ ಮಾಡ್ತೀನಿ. ಮನಿ ಮಂದೀನೆಲ್ಲ ಕರಕೊಂಡು ಬಾ."

"ಇಷ್ಟು ವರ್ಷ ನಮ್ಮನ್ಯಾಗೆಲ್ಲ ಉಂಡು ಹೋಗೀಯಲ್ಲ ಕಸ್ತೂರಕ್ಕಾ, ಬಡ್ಡಿ ಸಮೇತ ಉಣ್ಣಾಕಿ ನಾ. ಹತ್ತು ಹೋಳಿಗಿ ನನಗ ತಗದಿಡು."

"ಹನ್ನೆರಡು ಇಡ್ತೀನಿ. ನಿನ್ನ ಹೊಟ್ಟಿ ನನಗ ಗೊತ್ತಿಲ್ಲೇನು?"

ಇಬ್ಬರೂ ನಕ್ಕರು. ಮಹಾನಂದಾ ಒಳಗೆ ತಲೆ ಬಾಚಿಕೊಳ್ಳುತ್ತ ಕೇಳಿಸಿಕೊಂಡಳು. ಹಸ್ತದ ನೀರು ಮೂರು ದಿನದ ಹಿಂದೆಯೇ ಬರಬೇಕಿತ್ತು. ಅದನ್ನು ಅವಳು ಅವ್ವನಿಗೆ ಹೇಳಿರಲಿಲ್ಲ. ಕನ್ನಡಿಯಲ್ಲಿ ಅವ್ವನ ಕೈಯಷ್ಟೇ ಕಂಡಿತು, ಒಂದೊಂದೇ ಕಾಳನ್ನು ಮುದ್ದಿನಿಂದ ಬೇರೆ ಮಾಡುವ ಕೈ. ಯಾರಿಗೋ ಊಟಕ್ಕಿಡುವವಳ ಕೈ ಅದು. ಯಾರಿಗೆ ಎಂದು ಕೇಳುವ ಧೈರ್ಯ ಮಗಳಿಗಾಗಲಿಲ್ಲ.

*

ಗುರುತಿನ ಮನೆಯೊಳಗೆ ಸದಾ ತಂಪು. ಗೋಡೆಯಗಲದ ಪರದೆಯ ಮೇಲೆ ಇಡೀ ದಿನ್ನೆ ಸೀಳಿಟ್ಟ ಹಣ್ಣಿನ ಹಾಗೆ ಕಾಣುತ್ತಿತ್ತು: ಮೇಲೆ ಕೆಂಪು, ಕೆಳಗೆ ಕಪ್ಪು, ನಡುವೆ ನೀಲಿಯ ಎಳೆಗಳು. ಒಂದೊಂದು ಎಳೆ ಒಂದೊಂದು ಮಳೆ; ಯಾವ ಮಳೆ ಎಂದು ಖಚಿತವಾಗುವುದು ಮಾತ್ರ ಅದು ಸುರಂಗದ ಬಾಯಿಗೆ ಬಂದ ಮೇಲೆಯೇ. ಕಣ್ಣು ಮುಚ್ಚದೆ ನೋಡುತ್ತ ಕೂತರೆ ಎಳೆಗಳು ಹಾಡುತ್ತ ನಡೆಯುವ ಹಾಗೆ ಅನಿಸುತ್ತಿತ್ತು. ಎಷ್ಟೋ ವರ್ಷಗಳ ಆಷಾಢ, ಶ್ರಾವಣಗಳು ತಲೆಯ ಮೇಲೆ ಗಂಟು ಹೊತ್ತು, ಕತ್ತಲಲ್ಲಿ, ಬರಿಗಾಲಲ್ಲಿ.

ಅಂದು ಬೆಳಿಗ್ಗೆ ಮಹಾನಂದಾ ನೋಡಿದಳು. ನಂದನದ ಉತ್ತರೆ ಮಳೆಯ ಎಳೆ ಮುಗಿದಿತ್ತು. ಅದರ ಹಿಂದೆ ಹಸ್ತ ಇರಬೇಕು. ಇರಲಿಲ್ಲ. ಚಿತ್ತೆಯೂ ಇರಲಿಲ್ಲ. ಉತ್ತರೆಯ ಬೆನ್ನಿಗೇ ಮುಂದಿನ ವರ್ಷದ ರೋಹಿಣಿ ಬಂದು ನಿಂತಿತ್ತು, ನಡುವಿನವರು ಯಾತ್ರೆಗೆ ಹೊರಟೇ ಇಲ್ಲ ಎನ್ನುವ ಹಾಗೆ.

ಯಂತ್ರ ತಪ್ಪಿತೆಂದುಕೊಂಡ ಅವಳು ತೂಕದ ತಟ್ಟೆ ತೊಳೆದು, ಗೊತ್ತಿದ್ದ ನೀರು ಹಾಕಿ ಒರೆಹಚ್ಚಿದಳು. ಯಂತ್ರ ಸರಿಯಾಗಿತ್ತು. ಮೆಟ್ಟಿಲಿಳಿದು ಸುರಂಗದ ಬಾಯಿಂದ ತಾನೇ ಬೊಗಸೆಯಲ್ಲಿ ಹಿಡಿದು ತಂದಳು. ಅದೂ ರೋಹಿಣಿಯೇ. ಆ ವರ್ಷ ದಿನ್ನೆಯ ಮೇಲೆ ಹಸ್ತ ಮಳೆ ಬಿದ್ದೇ ಇರಲಿಲ್ಲ.

"ಏನಾತ್ರಿ ಅಕ್ಕೋರೆ?" ಎಂದ ಇಸ್ಮಾಯಿಲ್. ಯಂತ್ರಗಳ ಕೀಲು, ಕೊಳವೆಗಳನ್ನು ನೋಡಿಕೊಳ್ಳುವವನು ಅವನು. ಅವಳಿಗಿಂತ ಹಿರಿಯ, ಮಾತಿಗೆ ಮೊದಲು ನಗುವ ಮನುಷ್ಯ.

ಅವಳು ಹೇಳಿದಳು. ಇಸ್ಮಾಯಿಲ್ ಈ ಸಲ ನಗಲಿಲ್ಲ. ಪರದೆಯ ಮುಂದೆ ನಿಂತು, ಉತ್ತರೆಗೆ ರೋಹಿಣಿ ತಾಗಿದ್ದ ಜಾಗವನ್ನು ನೋಡಿದ.

"ಕಸ್ತೂರಕ್ಕ ನನಗೂ ಊಟಕ್ಕ ಹೇಳ್ಯಾರ," ಎಂದ ಕೊನೆಗೆ. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀರು ತನ್ನ ಹೆಸರು ತಾನೇ ಹೇಳ್ತದೇನು? ನೀವು ಒತ್ತಿದ್ರ ಬೋರ್ಡಿನ ಮ್ಯಾಲ ಬರ್ತದ, ಇಲ್ಲಾಂದ್ರ ಇಲ್ಲ. ನಂದನ, ಹಸ್ತ ಅಂತ ಬರದುಬಿಡ್ರಿ. ಒಂದು ದಿನ. ನೀರೇನು ಬ್ಯಾಡಂತದ?"

"ನಿಮ್ಮ ಅಮ್ಮಿ ಆಗಿದ್ರ ನೀವು ಬರೀತಿದ್ರೇನು?"

"ಬರೀತಿದ್ದೆ. ಬರದು ಮ್ಯಾಲ ನೋಡಿ ಮಾಫಿ ಕೇಳ್ತಿದ್ದೆ."

ಅವನು ಕೊಳವೆ ನೋಡುವ ನೆಪದಲ್ಲಿ ಹೊರಗೆ ಹೋದ. ಮಹಾನಂದಾ ಒಬ್ಬಳೇ ಉಳಿದಳು. ಬೆರಳು ತಾನಾಗಿ ನಂದನ ಎಂದು ಬರೆಯಿತು. ಹಸ್ತ ಎಂದೂ ಬರೆಯಿತು. ಇನ್ನು ಒತ್ತುವುದೊಂದೇ ಬಾಕಿ. ಒತ್ತಿದರೆ ಅವ್ವ ಹೊಸ ಕೊಡ ತರುತ್ತಾಳೆ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿಯುತ್ತಾಳೆ, ಮೂವತ್ತು ವರ್ಷದ ಬಾಯಾರಿಕೆ ತೀರುತ್ತದೆ. ಯಾರಿಗೇನು ನಷ್ಟ?

ಪರದೆಯ ಮೇಲೆ ಎಳೆಗಳು ನಡೆಯುತ್ತಲೇ ಇದ್ದವು. ಆ ನಡಿಗೆ ನೋಡುತ್ತ ನೋಡುತ್ತ ಅವಳಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿ ಬಂತು. ಕತ್ತಲ ದಾರಿಯಲ್ಲಿ ಸಾಲು ನಿಂತವರೆಲ್ಲ ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ತಮ್ಮ ಹೆಸರು ಹೇಳುತ್ತಿದ್ದಾರೆ. ಅವಳು ಕೇಳಿಸಿಕೊಂಡು, ಅದನ್ನೇ ಗಟ್ಟಿಯಾಗಿ ಊರಿಗೆ ಹೇಳುತ್ತಿದ್ದಾಳೆ. ಅಷ್ಟೇ ಅವಳ ಸೇವೆ. ಈಗ ಬಂದವಳು ರೋಹಿಣಿ. ಅವಳನ್ನು ಹಸ್ತ ಎಂದು ಕರೆದರೆ ಅವಳು ಜಗಳವಾಡುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತಾಳೆ. ಆದರೆ ನಾಳೆ ಇನ್ನೊಬ್ಬಳು ತಾಯಿ ಬಂದು, ನನ್ನ ಮಗ ಹುಟ್ಟಿದಾಗಿನ ರೋಹಿಣಿ ಎಲ್ಲಿ ಎಂದರೆ?

ಅಪ್ಪ ಎಂಬುವನು ತನ್ನ ಪಾಲಿಗೆ ಅವ್ವನ ಬಾಯಿಂದ ಬಂದ ಒಂದು ಸಂಗತಿ ಮಾತ್ರ ಎಂದು ಅವಳಿಗೆ ಅನ್ನಿಸಿತು. ಆ ಸಂಗತಿಯ ಪಕ್ಕದಲ್ಲಿ ಒಂದು ಸುಳ್ಳನ್ನು ತಂದು ನಿಲ್ಲಿಸಿದರೆ, ಯಾವುದು ಅಪ್ಪ, ಯಾವುದು ಸುಳ್ಳು ಎಂದು ಮುಂದೆ ತನಗೇ ತಿಳಿಯದೆ ಹೋದೀತು.

ಬರೆದದ್ದನ್ನು ಅಳಿಸಿ, ಮುಂದಿನ ಸಂವತ್ಸರದ ಹೆಸರಿನೊಡನೆ 'ರೋಹಿಣಿ' ಎಂದು ಬರೆದು ಒತ್ತಿದಳು. ಹೊರಗೆ ಬೋರ್ಡು ಬದಲಾಯಿತು. ಯಾವಳೋ ಕೊಡದವಳು ಅದನ್ನು ಓದಿ, ನೀರು ತುಂಬಿಕೊಂಡು ಹೋದಳು.

*

ಸಂಜೆ ಮನೆಗೆ ಬಂದಾಗ ಬೇಳೆ ಬೆಂದು ಒರಳಿನಲ್ಲಿತ್ತು. ಹೊಸ ಕೊಡ ದೇವರ ಮುಂದೆ ಕೂತಿತ್ತು. ಕಸ್ತೂರಬಾಯಿ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದಳು.

"ಅವ್ವಾ, ಕೂಡು. ಒಂದು ಮಾತು ಹೇಳಬೇಕು."

"ಕೂತು ಹೇಳೂವಂಥ ಮಾತೇನದು? ನಿಂತೇ ಹೇಳು, ಹೂರಣ ರುಬ್ಬೂದು ಅದ."

"ಹಸ್ತಿ ಮಳಿ ಬರೂದಿಲ್ಲವ್ವ. ಆ ವರ್ಷ ಅದು ಬಿದ್ದೇ ಇಲ್ಲ. ಇಷ್ಟು ವರ್ಷ ಬರ್ತದ, ಬರ್ತದ ಅಂತ ನಿನಗ ಆಸೆ ಹಚ್ಚಿದ್ದು ನಾ. ತಪ್ಪಾತು."

ಕಸ್ತೂರಬಾಯಿ ಮಗಳ ಮುಖವನ್ನೇ ನೋಡಿದಳು.

"ಬರ್ಲಿಲ್ಲಂದ್ರ ಬಿಡಲಿ. ಹಸ್ತಿ ಯಾರಿಗೆ ಬೇಕಾಗ್ಯಾದ?"

"ಅಂದ್ರ?"

"ಆ ವರ್ಷ ಹಸ್ತಿ ಎಲ್ಲಿ ಬಂತು? ಒಂದು ಹನಿ ಸೈತ ಬೀಳಲಿಲ್ಲ. ಜ್ವಾಳ ಬಿತ್ತಲಿಕ್ಕ ಹದ ಇಲ್ಲಂತ ಊರೆಲ್ಲ ಬಾಯಿ ಬಾಯಿ ಬಡಕೊಂಡದ. ನಾ ಹೇಳಿದ್ದು ಆನಿ ಮಳಿ."

"ಹಸ್ತಿ ಅಂದ್ರ ಆನಿ ಅಲ್ಲೇನವ್ವ?"

"ಏ ಹುಚ್ಚಿ!" ಕಸ್ತೂರಬಾಯಿ ಹಣೆ ಬಡಿದುಕೊಂಡಳು. "ಇಷ್ಟು ಓದೀದಿ, ಯುಗಾದಿ ದಿನ ಪಂಚಾಂಗ ಓದೂದು ಕೇಳಿಲ್ಲೇನು ನೀ? ಇಂಥ ಮಳಿ ಕಪ್ಪಿ ಮ್ಯಾಲ ಬರ್ತದ, ಇಂಥದು ನರಿ ಮ್ಯಾಲ, ಇಂಥದು ನವಿಲಿನ ಮ್ಯಾಲ ಅಂತ ಅಯ್ಯನೋರು ಹೇಳೂದಿಲ್ಲೇನು? ಮಳಿಗೊಂದು ವಾಹನ ಇರ್ತದಲ್ಲ. ಅವತ್ತಿನ ಮಳಿ ಆನಿ ಮ್ಯಾಲ ಬಂದಿತ್ತು. ಆನಿ ಮ್ಯಾಲ ಬಂದ್ರ ಜೋರು ಮಳಿ. ನಿಮ್ಮಪ್ಪ ಬಾಗಲದಾಗ ತೊಯ್ದು ನಿಂತಾಗ ನಾ ಚ್ಯಾಷ್ಟಿ ಮಾಡಿದ್ದೆ, 'ಮಳಿ ಆನಿ ಮ್ಯಾಲ ಕುಂತು ಬಂದದ, ನೀವ್ಯಾಕ ನಡಕೋತ ಬಂದ್ರಿ, ಹಿಂದ ಹತ್ತಿ ಕೂಡಬೇಕಿಲ್ಲ' ಅಂತ. ಆ ಮನಿಶ್ಯಾ ಬಾಯಿಬಿಟ್ಟು ನಕ್ಕದ್ದು ನಾ ನೋಡಿದ್ದು ಅದೊಂದೇ ಸಲ."

ಈ ಭಾಗವನ್ನು ಅವ್ವ ಎಂದೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೌನಿ ಅಪ್ಪ ಮೊಟ್ಟಮೊದಲು ಮಹಾನಂದಾಳ ಕಣ್ಣೆದುರು ನಕ್ಕ. ನೀರಿಳಿಯುವ ಮೀಸೆ, ಅದರ ಕೆಳಗೆ ಹಲ್ಲು.

"ಹಂಗಾದ್ರ ಅದು ಯಾವ ನಕ್ಷತ್ರದ ಮಳಿ?"

"ಅದ್ಯಾರಿಗೆ ನೆನಪದವ್ವ? ಆನಿ ಅಷ್ಟೇ ನೆನಪು."

*

ಮರುದಿನ ಬೆಳಕು ಹರಿಯುತ್ತಲೇ ತಾಯಿ ಮಗಳು ಇಬ್ಬರೂ ಗುರುತಿನ ಮನೆಗೆ ಬಂದರು. ಕಸ್ತೂರಬಾಯಿ ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು ಡಬ್ಬಿಗೆ ಕೈ ಮುಗಿದು, ಇಸ್ಮಾಯಿಲ್ ಎಳೆದುಕೊಟ್ಟ ಸ್ಟೂಲಿನ ಮೇಲೆ ತುದಿಯಲ್ಲಿ ಕೂತಳು.

ಮಹಾನಂದಾ ಮಠದ ಅಯ್ಯನವರಿಗೆ ಫೋನು ಮಾಡಿದಳು.

"ಸರಳ ಅದ ತಂಗಿ," ಎಂದರು ಅವರು. "ಮಳಿ ಶುರು ಆಗೂ ಹೊತ್ತಿಗೆ ಸೂರ್ಯ ಯಾವ ನಕ್ಷತ್ರದಾಗ ಅದಾನ, ಚಂದ್ರ ಯಾವುದರಾಗ ಅದಾನ ನೋಡು. ಇಲ್ಲಿಂದ ಅಲ್ಲೀತನಕ ಎಣಸಿ ಒಂಬತ್ತರಿಂದ ಭಾಗಿಸು. ಒಂದು ಉಳದ್ರ ಕುದರಿ, ಎರಡು ಉಳದ್ರ ನರಿ, ಹಿಂಗ. ಏನೂ ಉಳೀಲಿಲ್ಲ ಅಂದ್ರ ಆನಿ."

"ಏನೂ ಉಳೀಲಿಲ್ಲಂದ್ರ?"

"ಏನೂ ಉಳೀಲಿಲ್ಲಂದ್ರ ಆನಿ."

ಮೂವತ್ತು ವರ್ಷದ ಹಿಂದಿನ ಆಕಾಶವನ್ನು ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಿ ತೋರಿಸಿತು. ಒಂದೊಂದೇ ಮಳೆಯನ್ನು ಎಣಿಸಿ, ಭಾಗಿಸಿ ನೋಡಿದಳು. ರೋಹಿಣಿಗೆ ನರಿ. ಮಿರಗಾಕ್ಕೆ ನವಿಲು. ಹೀಗೇ ಸಾಗಿ, ಮಘಾ ನಕ್ಷತ್ರದ ಹತ್ತಿರ ಬಂದಾಗ ಶೇಷ ಉಳಿಯಲಿಲ್ಲ. ಅಲ್ಲಿ ಆನೆ ನಿಂತಿತ್ತು. ಇಡೀ ವರ್ಷದಲ್ಲಿ ಅದೊಂದೇ ಆನೆ.

ಮಘಿ ಮಳೆ. ನಂದನ ಸಂವತ್ಸರದ ಮಘಿ ಮಳೆ ಎಂದರೆ, ಅವಳು ಬೇರೆ ನೋಡಬೇಕಾಗಿಯೇ ಇರಲಿಲ್ಲ. ಉತ್ತರೆಗಿಂತ, ಹುಬ್ಬೆಗಿಂತ ಮೊದಲೇ ಸಾಲಿನಲ್ಲಿ ನಡೆದದ್ದು. ಅಂಥ ಜೋರು ಮಳೆಯೆಂದರೆ ದಪ್ಪನೆಯ ಎಳೆ. ಅದು ವೈಶಾಖದಲ್ಲಿ, ವಾರಕ್ಕೂ ಹೆಚ್ಚು ಕಾಲ ಸುರಂಗದ ಬಾಯಿಂದ ಹರಿದಿತ್ತು. ಅವಳೇ ಅದರ ಹೆಸರು ಓದಿದ್ದಳು, ಅವಳೇ ಬೋರ್ಡಿಗೆ ಕೊಟ್ಟಿದ್ದಳು. ನಮ್ಮದೆಂದು ಯಾರೂ ಬಂದಿರಲಿಲ್ಲ. ಕೊಡ ತುಂಬಿಕೊಂಡು, ಸೊಂಟಕ್ಕಿಟ್ಟುಕೊಂಡು, ಎಲ್ಲರೂ ಅವರವರ ಮನೆಗೆ ಹೋಗಿದ್ದರು.

"ಅವ್ವಾ," ಎಂದಳು. "ಅದು ಬಂದು ಹೋಗ್ಯಾದ."

ಕಸ್ತೂರಬಾಯಿಯ ಕೈ ಸೆರಗಿನ ತುದಿಯನ್ನು ಹಿಡಿಯಿತು. ಹೊರಗೆ ಮೆಟ್ಟಿಲ ಮೇಲೆ ಯಾರದೋ ಕೊಡ ತುಂಬುವ ಸದ್ದು ಗುಳುಗುಳು ಎಂದು ಏರುತ್ತ ಏರುತ್ತ ನಿಂತಿತು. ಇಸ್ಮಾಯಿಲ್ ಗೋಡೆಯ ಕಡೆ ಮುಖ ಮಾಡಿದ.

"ಯಾವಾಗ?"

"ಅಕ್ಷಯ ತದಗಿ ಆದ ಮ್ಯಾಲ, ಎಂಟು ದಿನ. ನಾವು ಅದನ್ನೇ ತಂದೀವಿ. ಅದನ್ನೇ ಕುಡದೀವಿ."

"ಅಕ್ಷಯ ತದಗಿ ಆದ ಮ್ಯಾಲ..." ಕಸ್ತೂರಬಾಯಿ ಕಣ್ಣು ಸಣ್ಣದು ಮಾಡಿ ನೆನೆಸಿಕೊಂಡಳು. "ಅವಾಗ ನಾ ಕೌದಿ ಒಗದೀನಲ್ಲ? ಆರೂ ಕೌದಿ. ಶ್ಯಾವಗಿ ಮಾಡೀವಿ. ಪದ್ಮಿನಿ ಬಂದಿದ್ಲು ಹೊಸೀಲಿಕ್ಕ. ಹಿಟ್ಟು ನಾದಿದ್ದು ಆ ನೀರಿಲೇ. ಭಾಂಡಿ ತಿಕ್ಕೀನಿ, ನೆಲ ಸಾರಿಸೀನಿ..." ಅವಳು ನಿಲ್ಲಿಸಿದಳು. "ನೆಲಾನೂ ಆ ನೀರಿಲೇ ಸಾರಿಸೀನಿ ನೋಡು."

ಮಹಾನಂದಾ ಅವ್ವನ ಪಾದದ ಹತ್ತಿರ ನೆಲದ ಮೇಲೆ ಕೂತಳು. ಅವ್ವ ಅಳುತ್ತಾಳೆ ಎಂದುಕೊಂಡಿದ್ದಳು. ಕಸ್ತೂರಬಾಯಿಯ ಹೆಗಲು ಅಲುಗಿತು ನಿಜ, ಆದರೆ ಬಂದದ್ದು ನಗು. ಒಳಗಿನಿಂದ ಮೆಲ್ಲಗೆ ಎದ್ದು, ಕಣ್ಣಲ್ಲಿ ನೀರು ತರಿಸಿ, ಹಲ್ಲಿಲ್ಲದ ಬಾಯಿಯ ತುಂಬ ಹರಡಿದ ನಗು.

"ಜೀವ ಇದ್ದಾಗೂ ಹಂಗೇ ಇದ್ದ ಮನಿಶ್ಯಾ! ಮನ್ಯಾಗೇ ಇರ್ತಿದ್ದ, ಇದ್ದದ್ದು ಯಾರಿಗೂ ಗೊತ್ತಾಗ್ತಿದ್ದಿಲ್ಲ. ಎಂಟು ದಿನ ಬಂದು ಇದ್ದು ಹೋಗ್ಯಾನ ನೋಡು, ಒಂದು ಸಲ ಕೆಮ್ಮಿಲ್ಲ!"

ಇಸ್ಮಾಯಿಲ್ ಮುಖ ತಿರುಗಿಸಿದವನು ಹಾಗೆಯೇ ನಕ್ಕುಬಿಟ್ಟ. ಮಹಾನಂದಾಳಿಗೂ ನಗು ಬಂತು, ನಗುವಿನ ಬೆನ್ನಿಗೇ ಅಳು ಬಂತು. ಮೂವರೂ ಆ ತಂಪು ಕೋಣೆಯಲ್ಲಿ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕೂತರು. ಪರದೆಯ ಮೇಲೆ ಎಳೆಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು.

"ಒಂದು ಗುಟುಕು ಬೇಡಿದ್ದೆ," ಎಂದಳು ಕಸ್ತೂರಬಾಯಿ ಉಸಿರು ತಂದುಕೊಂಡು. "ಬೇಡಿದ್ದಕ್ಕಿಂತ ಹೆಚ್ಚಿಗೇ ಕೊಟ್ಟಾನಲ್ಲ ಶಿವ. ಕುಡಿಯೂ ಮುಂದ ತಿಳೀಲಿಲ್ಲ, ಅಷ್ಟೇ."

ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಕೇಳಿದಳು. "ಶ್ಯಾವಗಿ ಇನ್ನಾ ಡಬ್ಬ್ಯಾಗ ಅದ. ಅದರಾಗ ಇರ್ತದೇನು ಆ ನೀರು?"

ಸುಳ್ಳು ಹೇಳುವ ಆಸೆ ಇನ್ನೊಮ್ಮೆ ಬಂದು ಮಹಾನಂದಾಳ ಮುಂದೆ ನಿಂತಿತು. "ಇಲ್ಲವ್ವ. ಅಂಗಳದಾಗ ಬಿಸಲಿಗೆ ಹಾಕಿದ್ವಿ ಅಲ್ಲ, ಒಣಗಿದಾಗ ಹೋಗ್ಯಾದ. ಹಗುರ ನೀರು ಮೊದಲು ಏಳ್ತದ, ಭಾರದ್ದು ಆಮ್ಯಾಲ. ಎಲ್ಲಾ ಮ್ಯಾಲ ಹೋಗ್ಯಾದ."

"ಮ್ಯಾಲ," ಎಂದಳು ಕಸ್ತೂರಬಾಯಿ, ಬೇರೆ ಊರಿನ ಹೆಸರು ಕೇಳಿದವಳ ಹಾಗೆ. ತಲೆಯೆತ್ತಿ ಕಿಟಕಿಯಾಚೆ ನೋಡಿದಳು. ಪಡುವಣ ದಿಕ್ಕಿಗೆ ಮೋಡ ಕಟ್ಟತೊಡಗಿತ್ತು.

*

ಊಟ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಬಂದು ಪಡಸಾಲೆಯಲ್ಲಿ ಕೂತಿತು.

"ಅಲ್ಲ ಕಸ್ತೂರಕ್ಕಾ," ಎಂದಳು ಪದ್ಮಿನಬಾಯಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. "ಬರಾವ ಬಂದು ಹೋಗಿ ತಿಂಗಳಾದ ಮ್ಯಾಲ ನಮಗ ಊಟಕ್ಕ ಕರದೀಯಲ್ಲ. ಇದ್ಯಾವ ಊರ ಪದ್ಧತಿ?"

"ಬಂದಾಗ ಶ್ಯಾವಗಿ ಹೊಸೆದಾಕಿ ನೀನೇ ಅಲ್ಲೇನು? ಅವಾಗ ಮಾತಾಡಿಸಿಲ್ಲ, ಈಗ ಪದ್ಧತಿ ಕೇಳ್ತೀ."

ಪದ್ಮಿನಬಾಯಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಆಮೇಲೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಶ್ಯಾವಿಗೆ ಹೊಸೆದ ಆ ಅಂಗೈಯನ್ನು.

ಎಲ್ಲರೂ ಉಂಡೆದ್ದ ಮೇಲೆ ಗುಡುಗು ಕೇಳಿತು. ಮಹಾನಂದಾ ಪಾತ್ರೆ ಎತ್ತಿಟ್ಟು ಬರುವಷ್ಟರಲ್ಲಿ ಅವ್ವ ಮನೆಯಲ್ಲಿರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಹೊರಗೆ ಬಂದು ನೋಡಿದರೆ ಕಸ್ತೂರಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲಿಗೆ ಕೈಯೂರುತ್ತ ದಿನ್ನೆಯ ದಾರಿ ಹತ್ತುತ್ತಿದ್ದಳು. ಮಗಳು ಕೊಡೆ ಹಿಡಿದು ಹಿಂದೆ ಓಡಿದಳು.

ಮೇಲೆ ತಲುಪುವ ಹೊತ್ತಿಗೆ ಮಿರಗಾ ಮಳೆಯ ಮೊದಲ ಹನಿಗಳು ಕೆಂಪು ಕಲ್ಲಿನ ಮೇಲೆ ಬಿದ್ದು ಕಪ್ಪು ಚುಕ್ಕೆ ಇಡುತ್ತಿದ್ದವು. ನೆಲದಿಂದ ಬಿಸಿ ವಾಸನೆ ಏಳುತ್ತಿತ್ತು. ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಕಸ್ತೂರಬಾಯಿ ತಲೆಯ ಮೇಲೆ ಏನೂ ಇಲ್ಲದೆ ನಿಂತಿದ್ದಳು.

"ಅವ್ವಾ, ಥಂಡಿ ಆಗ್ತದ, ಛತ್ರಿ ಒಳಗ ಬಾ!"

"ನೀನೇ ಹೊರಗ ಬಾ," ಎಂದಳು ಕಸ್ತೂರಬಾಯಿ. "ಮ್ಯಾಲ ಹೋದದ್ದು ಕೆಳಗ ಬರ್ತದೋ ಇಲ್ಲೋ?"

"ಬರ್ತದ. ಇದರಾಗೇ ಇರ್ತದ ಅಂತ ಹ್ಯಾಂಗ ಹೇಳ್ಲಿ?"

"ಹೇಳಬ್ಯಾಡ. ಅವಾ ಹೇಳಿ ಬರಾವನೇ ಅಲ್ಲ."

ಮಳೆ ಜೋರಾಯಿತು. ಕಸ್ತೂರಬಾಯಿಯ ಬಿಳಿಗೂದಲಿನಿಂದ ಇಳಿದು, ಹೆಗಲ ಮೇಲೆ ಹರಿದು, ಸೀರೆಯ ನೆರಿಗೆಗುಂಟ ಕಾಲಿಗೆ ಬಂದು, ನೀರು ಕೆಂಪು ಕಲ್ಲಿನ ತೂತುಗಳೊಳಗೆ ಇಳಿಯುತ್ತಿತ್ತು. ಮಹಾನಂದಾ ಕೊಡೆ ಮಡಚಿ ಅವ್ವನ ಪಕ್ಕದಲ್ಲಿ ಬಂದು ನಿಂತಳು. ಮೂವತ್ತು ವರ್ಷದಾಚೆ, ಯಾವ ಮೆಟ್ಟಿಲಲ್ಲಿ, ಯಾರ ಕೊಡ ಇದರ ಕೆಳಗಿರುತ್ತದೋ.

"ಈ ಸಲ ಮಿರಗಾಕ್ಕ ವಾಹನ ಯಾವುದು ಬಂದದ?" ಎಂದು ಕೇಳಿದಳು ಕಸ್ತೂರಬಾಯಿ ಮಳೆಯ ಸದ್ದಿನ ಮೇಲೆ ಗಟ್ಟಿಯಾಗಿ. "ಬೆಳಿಗ್ಗೆ ಎಲ್ಲಾ ಎಣಸೀದಿ, ಇದೂ ಎಣಸಿರಬೇಕಲ್ಲ."

ಮಹಾನಂದಾ ಎಣಿಸಿದ್ದಳು. ಹೇಳಲು ಹಿಂಜರಿದಳು. "ಕತ್ತಿ ಅವ್ವ."

ಕತ್ತೆ ಎಂದು ಕೇಳಿ ಅವ್ವ ಮೋರೆ ಸಣ್ಣದು ಮಾಡುತ್ತಾಳೆ ಎಂದುಕೊಂಡಿದ್ದಳು. ಕಸ್ತೂರಬಾಯಿ ಎರಡೂ ಕೈ ಅಗಲಿಸಿ, ಮುಖವನ್ನು ಮಳೆಗೆ ಕೊಟ್ಟು, ಕಣ್ಣು ಮುಚ್ಚಿದಳು.

"ಚಲೋನೇ ಆತು," ಎಂದಳು. "ಆನಿಗಿಂತ ಹೆಚ್ಚಿಗಿ ಹೊರತದ."